ಯಾವ ಗಿಡದ ಮೇಲಿನ ಬಳ್ಳಿ?

ವೆಸ್ಟ್ ಮಾಂಬಲಂ, ಚೆನ್ನೈ
6 ಜನವರಿ 2025

ಪ್ರೀತಿಯ ವನಜಕ್ಕನಿಗೆ ತಂಗಿ ವಿಮಲಾಳ ನಮಸ್ಕಾರ.

ಎಲ್ಲ ಕ್ಷೇಮ ಎಂದು ಶುರು ಮಾಡುವ ಹಾಗಿಲ್ಲ ಈ ಸಲ. ಶ್ರೀಶನಿಗೆ ಕಾಮಾಲೆ ಆಗಿದೆ. ಮೂರು ದಿನ ಜ್ವರ ಎಂದು ಮಲಗಿದ್ದ. ನಿನ್ನೆ ಕಿಟಕಿಯ ಹತ್ತಿರ ನಿಲ್ಲಿಸಿ ರೆಪ್ಪೆ ಎಳೆದು ನೋಡುತ್ತೇನೆ, ಕಣ್ಣೆಲ್ಲ ಅರಸಿನ ಕಲಸಿಟ್ಟ ಹಾಗೆ! ಇನ್ಶೂರೆನ್ಸ್ ಆಫೀಸಿನಲ್ಲಿ ಯಾರೋ ರಿಟೈರ್ ಆದರಂತೆ, ಎಲ್ಲರೂ ಸೇರಿ ಹೊರಗೆಲ್ಲೋ ಉಂಡು ಬಂದಿದ್ದರು. ಸ್ಟೇಷನ್ ಪಕ್ಕದಲ್ಲಿ ಅಪ್ಪನದೇ ಮೆಸ್ ಇಟ್ಟುಕೊಂಡು ಮಗ ಬೀದಿಯಲ್ಲಿ ತಿಂದು ರೋಗ ತಂದ. ಇವರಿಗೆ ಹೇಳಿದರೆ, "ಸುಮ್ನಿರ್ ಮಾರಾಯ್ತಿ, ನಮ್ಮ ಮೆಸ್ಸಂಗ್ ತಿಂದ್ ಬಂದಿರ್ರೆ ಇನ್ನೂ ಮರ್ಯಾದಿ ಹೋತಿತ್ತ್" ಎನ್ನುತ್ತಾರೆ. ಗಂಗಾಧರ ರಾಯರಿಗೆ ಯಾವಾಗಲೂ ಮೆಸ್ಸಿನದೇ ಚಿಂತೆ.

ನಿನ್ನ ಆ ಮದ್ದು ಬೇಕಕ್ಕ. ಯಾವುದು ಎಂದು ಬರೆಯುವುದಿಲ್ಲ, ಹೆಸರು ಹೇಳಿದರೆ ಮದ್ದು ಹತ್ತುವುದಿಲ್ಲ ಎಂಬುದು ನನಗೂ ಗೊತ್ತು. ಆದಷ್ಟು ಬೇಗ ಕಳಿಸು.

ಮನೆಯಲ್ಲಿ ಇದರದೇ ಜಗಳ. ಸೊಸೆ ಪ್ರಣಮ್ಯಾ ನೆನಪಿದ್ದಾಳಲ್ಲ? ಮದುವೆಯಲ್ಲಿ ನೀನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟು ನಿನ್ನನ್ನು ಕಕ್ಕಾಬಿಕ್ಕಿ ಮಾಡಿದ್ದಳು. ಆಗಿನ್ನೂ ನಿನ್ನ ಕಿವಿ ನೆಟ್ಟಗಿತ್ತು. ಅವಳ ಅಪ್ಪ ಹನುಮಂತಯ್ಯ ತುಮಕೂರಿನ ಕಡೆಯವರು, ಮೂವತ್ತು ವರ್ಷ ಇಲ್ಲಿ ರೈಲ್ವೆಯಲ್ಲಿ ದುಡಿದವರು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ಅವಳದು ಒಂದೇ ಹಟ: "ಹಾಸ್ಪಿಟಲ್ ಪೋಲಾಂ ಅತ್ತೈ." ಕಾಮಾಲೆಗೆ ಇಂಗ್ಲಿಷ್ ಮದ್ದು ಎಲ್ಲಿದೆ, ಗ್ಲೂಕೋಸ್ ಏರಿಸಿ ಬಿಲ್ಲು ಕೊಡುತ್ತಾರೆ ಎಂದೆ. ಮುಖ ಊದಿಸಿಕೊಂಡು ಬ್ಯಾಂಕಿಗೆ ಹೋದಳು.

ನಿನಗೆ ಫೋನು ಕೇಳಿಸುವುದಿಲ್ಲ, ಆ ಸಣ್ಣ ಪರದೆ ಕಣ್ಣಿಗಾಗುವುದಿಲ್ಲ. ನಮ್ಮಿಬ್ಬರಿಗೂ ಈ ಅಂಚೆಯವನೇ ಗತಿ.

ನಿನ್ನ ವಿಮಲಾ


ಸಾಲಿಗ್ರಾಮ
10 ಜನವರಿ 2025

ಚಿ. ಸೌ. ವಿಮಲಾಳಿಗೆ ಆಶೀರ್ವಾದ.

ಇದರ ಜೊತೆ ಪೊಟ್ಟಣವಿದೆ. ಕಂದುಬಣ್ಣದ ಪುಡಿ. ಬಾಳೆಯೆಲೆಯಲ್ಲಿ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಹಾಕಿದ್ದೇನೆ. ಬಿಸಿನೀರಿನಲ್ಲಿ ಒಂದು ಚಮಚ ಕದಡಿ ಬೆಳಿಗ್ಗೆ ಬರಿಹೊಟ್ಟೆಗೆ ಕೊಡು. ಸೂರ್ಯ ಹುಟ್ಟುವ ಮೊದಲು ಮದ್ದು ತಯಾರಾಗಬೇಕು, ಮಾಡುವಾಗ ಇನ್ನೊಬ್ಬರ ಕಣ್ಣು ಬೀಳಬಾರದು, ಇದಕ್ಕಾಗಿ ಯಾರಿಂದಲೂ ಯಾರಿಗೂ ದುಡ್ಡು ಹೋಗಬಾರದು. ಹೆಸರು ಹೇಳಬಾರದು ಎಂಬುದು ನಿನಗೇ ಗೊತ್ತಿದೆ. ನನ್ನ ಅತ್ತೆ ಸಾಯುವ ಹಿಂದಿನ ವರ್ಷ ನನಗೊಬ್ಬಳಿಗೇ ಹೇಳಿಕೊಟ್ಟದ್ದು. ನಾನು ಇದುವರೆಗೆ ನನ್ನ ಗಂಡನಿಗೂ ಹೇಳಿದವಳಲ್ಲ.

ಎಣ್ಣೆ, ಖಾರ ಬೇಡ. ಗಂಜಿ, ಮಜ್ಜಿಗೆ ಸಾಕು. ಕಣ್ಣು ಬೆಳ್ಳಗಾಗುವವರೆಗೆ ಕೊಡು.

ಸೊಸೆಯ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಬ್ಯಾಂಕಿನಲ್ಲಿ ಕೂತವರಿಗೆ ಎಲ್ಲದಕ್ಕೂ ರಸೀದಿ ಬೇಕು. ನನ್ನ ಜಗಲಿಗೆ ಬಂದು ಗುಣವಾಗಿ ಹೋದವರು ಯಾರೂ ರಸೀದಿ ಕೇಳಿಲ್ಲ.

ಗುಣವಾದ ಕೂಡಲೇ ಎರಡು ಸಾಲು ಬರೆ.

ವನಜಾ


ವೆಸ್ಟ್ ಮಾಂಬಲಂ
22 ಜನವರಿ 2025

ಪ್ರೀತಿಯ ವನಜಕ್ಕ,

ಪೊಟ್ಟಣ ತಲುಪಿತು. ಪೊಂಗಲ್ ರಜೆ ಬಂದು ಅಂಚೆ ಸ್ವಲ್ಪ ತಡವಾಯಿತು, ಅದರ ಮೇಲೆ ಇಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಎರಡು ದಿನ ಮಳೆ. ಇರಲಿ. ಮದ್ದು ಶುರು ಮಾಡಿದ್ದೇನೆ. ನೀನು ಹೇಳಿದ ಎಲ್ಲ ಕಟ್ಟುಕಟ್ಟಳೆಯೂ ನಡೆಯುತ್ತಿದೆ. ನಸುಕಿನಲ್ಲಿ ಎದ್ದು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಾನೇ ಮಾಡುತ್ತೇನೆ. ಲೋಟವನ್ನು ಕೋಣೆಗೆ ಒಯ್ದು ಕುಡಿಸುವುದು ಪ್ರಣಮ್ಯಾ. ಮೂಗು ಸಿಂಡರಿಸಿಕೊಂಡೇ ಒಯ್ಯುತ್ತಾಳೆ, ಆದರೂ ಒಯ್ಯುತ್ತಾಳೆ.

ನಾಲ್ಕು ದಿನದಿಂದ ಹುಡುಗನಿಗೆ ವಾಂತಿ. ಎದ್ದರೆ ತಲೆ ಸುತ್ತುತ್ತದೆ ಎನ್ನುತ್ತಾನೆ. ಟ್ಯೂಬ್‌ಲೈಟಿನ ಸುತ್ತ ಹಳದಿ ಬಳೆ ಕಾಣುತ್ತದಂತೆ. ರೋಗ ಇಳಿಯುವಾಗ ಹಾಗೆಯೇ ಅಲ್ಲವೇ? ಪಿತ್ತ ಹೊರಗೆ ಬೀಳಬೇಕಲ್ಲ. ಪ್ರಣಮ್ಯಾ ಮಾತ್ರ ಇದು ಮದ್ದೇ ಅಲ್ಲ ಎಂದು ನಿನ್ನೆ ನನ್ನ ಎದುರೇ ನಿಂತು ಕೂಗಾಡಿದಳು. "ಇದು ಮರುಂದಾ ಅತ್ತೈ? ಇದು ಮರುಂದೇ ಇಲ್ಲೈ!" ಎಂದಳು. ನನಗೂ ಸಿಟ್ಟು ಬಂತು. ಇದು ನನ್ನ ಅಕ್ಕನ ಕೈಯ ಮದ್ದು, ಬೇಡವಾದರೆ ನಿನ್ನ ಅಪ್ಪನ ಮನೆಗೆ ನಡೆ ಎಂದುಬಿಟ್ಟೆ. ಅನ್ನಬಾರದಿತ್ತು. ಅಂದಾಯಿತು.

ಅವಳದೊಂದು ಹರಕೆ ಬೇರೆ. ಗಂಡನಿಗೆ ಗುಣವಾಗಲಿ ಎಂದು ಮಂಗಳವಾರ ಮಂಗಳವಾರ ಮುರುಗನ ಪಟಕ್ಕೆ ಕೆಂಪು ಕಣಗಿಲೆಯ ಮಾಲೆ. ವಡಪಳನಿಯಿಂದ ಆಚೆ ಒಬ್ಬರ ಹೂವಿನ ತೋಟವಿದೆ, ದೇವಸ್ಥಾನಗಳಿಗೆ ಹೂ ಕೊಡುವವರು. ಕಳೆದ ವಾರ ನಾನೂ ಜೊತೆಗೆ ಹೋಗಿದ್ದೆ. ತೋಟ ನೋಡಿ ಗಾಬರಿಯಾಯಿತು. ಕಣಗಿಲೆ ಗಿಡಗಳ ತುಂಬ ಹಳದಿ ಬಳ್ಳಿ ಹಬ್ಬಿ, ಮೇಲಿಂದ ಯಾರೋ ಶ್ಯಾವಿಗೆ ಸುರಿದ ಹಾಗೆ ಕಾಣುತ್ತಿತ್ತು. ಕೆಳಗಿನ ಎಲೆಯೆಲ್ಲ ಉದುರಿ ಬರಿ ಕೋಲು. ಎಲ್ಲಿಂದಲೋ ತರಿಸಿದ ಬೇಲಿ ಸಸಿಗಳ ಜೊತೆ ಬಂತಂತೆ. ಕಿತ್ತರೆ ಚೂರು ಉಳಿಯುತ್ತದೆ, ಆ ಚೂರು ಪಕ್ಕದ ಗಿಡಕ್ಕೆ ಬಿದ್ದರೆ ಅಲ್ಲೂ ಕಚ್ಚಿಕೊಳ್ಳುತ್ತದೆ. ಹೂ ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದು ತೋಟದವರು ತಲೆಗೆ ಕೈ ಹೊತ್ತಿದ್ದರು. ದೇವರ ಗಿಡಕ್ಕೂ ಹೀಗಾಗುತ್ತದೆ ನೋಡು.

ಮುಂದಿನ ವಾರ ಕಣ್ಣು ಬೆಳ್ಳಗಾದ ಸುದ್ದಿ ಬರೆಯುತ್ತೇನೆ.

ವಿಮಲಾ


ವೆಸ್ಟ್ ಮಾಂಬಲಂ
28 ಜನವರಿ 2025

ಅಕ್ಕಾ,

ಅಕ್ಷರ ಸರಿಯಿಲ್ಲದಿದ್ದರೆ ಕ್ಷಮಿಸು.

ಶುಕ್ರವಾರ ಬೆಳಿಗ್ಗೆ ಶ್ರೀಶ ಬಚ್ಚಲಲ್ಲಿ ಬಿದ್ದ. ಪ್ರಣಮ್ಯಾಳ ಕೂಗಿಗೆ ಕೆಳಗಿನ ಮನೆಯವರೆಲ್ಲ ಓಡಿ ಬಂದರು. ಮೈ ತಣ್ಣಗೆ, ತುಟಿ ಬಿಳಿ. ಆಂಬುಲೆನ್ಸಿನವನು ಕೈ ಹಿಡಿದು ನೋಡಿ ಬಾಗಿಲು ಹಾಕಿದ. ನಾಡಿ ನಿಮಿಷಕ್ಕೆ ಮೂವತ್ತರ ಹತ್ತಿರ ಇತ್ತಂತೆ. ಈಗ ಎದೆಯೊಳಗೆ ತಂತಿ ಇಳಿಸಿ ಮೆಷಿನ್ನಿನಿಂದ ಗುಂಡಿಗೆ ಹೊಡೆಸುತ್ತಿದ್ದಾರೆ. ನನ್ನ ಮಗನ ಗುಂಡಿಗೆ ತಾನಾಗಿ ಹೊಡೆಯುತ್ತಿಲ್ಲ ಅಕ್ಕ.

ಕಾಮಾಲೆಯಿಂದ ಹೀಗಾಗುವುದಿಲ್ಲ ಎಂದರು ಡಾಕ್ಟರು. ಏನೇನು ತಿಂದ, ಏನೇನು ಕುಡಿದ ಎಂದು ಕೇಳಿದರು. ನಾನು ಗಂಜಿ, ಮಜ್ಜಿಗೆ ಎಂದೆ. ಪ್ರಣಮ್ಯಾ ತಟ್ಟನೆ, "ಕಷಾಯಂ ಕುಡುತ್ತಾಂಗ ಡಾಕ್ಟರ್" ಎಂದಳು. ಕಷಾಯ ಕೊಟ್ಟಿದ್ದಾರೆ ಎಂದು, ಎಲ್ಲರ ಎದುರು! ಡಾಕ್ಟರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮನೆಗೆ ಓಡಿ ನಿನ್ನ ಪೊಟ್ಟಣವನ್ನೇ ತಂದು ಅವರ ಕೈಯಲ್ಲಿಟ್ಟೆ. ಪರೀಕ್ಷೆಗೆ ಕಳಿಸಿದ್ದಾರೆ.

ಮರುದಿನ ರಕ್ತದ ರಿಪೋರ್ಟ್ ಬಂತು. ಓಲಿಯಾಂಡರ್ ಎಂದರು. ನನಗೆ ಅರ್ಥವಾಗಲಿಲ್ಲ. ಪ್ರಣಮ್ಯಾಳ ಮುಖ ಬಿಳಿಚಿಕೊಂಡಿತು. ಕಣಗಿಲೆ, ಅಕ್ಕ! ಕಣಗಿಲೆಯ ವಿಷ ನನ್ನ ಮಗನ ಮೈಯಲ್ಲಿದೆ. ಒಂದು ದಿನದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಹೋದದ್ದಿರಬೇಕು ಎಂದರು. ಪೊಲೀಸರಿಗೆ ತಿಳಿಸಲೇಬೇಕಾದ ಕೇಸಂತೆ, ಇಬ್ಬರು ಬಂದು ಹೆಸರು ವಿಳಾಸ ಬರೆದುಕೊಂಡು ಹೋದರು. ನಮ್ಮ ಮನೆಗೆ ಪೊಲೀಸ್!

ಯಾರು ಹಾಕಿದರು? ಅವನೇ ತಿಂದನೇ? ಯಾಕೆ ತಿನ್ನುತ್ತಾನೆ? ತಲೆ ಓಡುತ್ತಿಲ್ಲ.

ವಿಮಲಾ


ಸಾಲಿಗ್ರಾಮ
1 ಫೆಬ್ರವರಿ 2025

ವಿಮಲಾ,

ನಿನ್ನ ಪತ್ರ ಓದಿದೆ. ಊಟ ಸೇರಲಿಲ್ಲ.

ಮೊದಲು ಒಂದು ವಿಷಯ ತಿಳಿದುಕೋ. ನನ್ನ ಮದ್ದಿನಲ್ಲಿ ವಿಷವಿಲ್ಲ. ತೊಟ್ಟಿಲ ಕೂಸಿನಿಂದ ಹಲ್ಲಿಲ್ಲದ ಮುದುಕರವರೆಗೆ ಕೊಟ್ಟಿದ್ದೇನೆ. ಒಬ್ಬರಿಗೂ ವಾಂತಿ ಕೂಡ ಆದದ್ದಿಲ್ಲ. ಆ ಡಾಕ್ಟರು ಎಷ್ಟು ಬೇಕಾದರೂ ಪರೀಕ್ಷೆ ಮಾಡಲಿ. ಅದರಲ್ಲಿ ಏನಾದರೂ ಸಿಕ್ಕರೆ ನನ್ನನ್ನು ಬಂದು ಹಿಡಿದುಕೊಂಡು ಹೋಗಲಿ.

ಎರಡನೆಯದು. ಮದ್ದು ನಿನ್ನ ಕೈ ಬಿಟ್ಟ ಮೇಲೆ ಮಗನ ಬಾಯಿಗೆ ಹೋಗುವವರೆಗೆ ನಡುವೆ ಇನ್ನೊಂದು ಕೈ ಇದೆ. ವಾರವಾರ ಮನೆಗೆ ಕಣಗಿಲೆ ತರುವ ಕೈಯೂ ಅದೇ. ಮದ್ದು ಬೇಡ ಎಂದು ನಿನ್ನೊಡನೆ ಕಾದಾಡಿದ ಬಾಯಿಯೂ ಅದೇ. ಮದ್ದಿಗೆ ಕೆಟ್ಟ ಹೆಸರು ಬರಲಿ ಎಂದು ಒಂದು ಎಲೆ ಹಾಕಿರಲಿಕ್ಕೂ ಸಾಕು, ಹೀಗಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ನಾನು ಆಣೆ ಮಾಡಿ ಹೇಳುತ್ತಿಲ್ಲ. ಕಣ್ಣು ತೆರೆದು ನೋಡು ಎನ್ನುತ್ತಿದ್ದೇನೆ.

ಹುಡುಗ ಹೇಗಿದ್ದಾನೆ? ಅದನ್ನು ಮೊದಲು ಬರೆ.

ವನಜಾ


ವೆಸ್ಟ್ ಮಾಂಬಲಂ
8 ಫೆಬ್ರವರಿ 2025

ಪ್ರೀತಿಯ ವನಜಕ್ಕ,

ಶ್ರೀಶ ಮನೆಗೆ ಬಂದ. ತಂತಿ ತೆಗೆದರು, ಗುಂಡಿಗೆ ತಾನಾಗಿಯೇ ನಡೆಯುತ್ತಿದೆ. ಇನ್ನೊಂದಿಷ್ಟು ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ನಿನ್ನ ಪುಡಿಯ ಪರೀಕ್ಷೆಯೂ ಬಂತು. ಬೂಷ್ಟು ಇದೆ, ವಿಷ ಇಲ್ಲ ಎಂದು ಬರೆದಿದ್ದಾರೆ. ನಿನ್ನ ಮಾತು ನಿಜವಾಯಿತು.

ಆಮೇಲೆ ನಾನು ಮಾಡಿದ್ದನ್ನು ಬರೆಯುತ್ತೇನೆ. ಪೊಲೀಸರು ಎರಡನೇ ಸಲ ಬಂದು, ಮನೆಯಲ್ಲಿ ಕಣಗಿಲೆ ಎಲ್ಲಿಂದ ಬಂತು ಎಂದು ಕೇಳಿದಾಗ ಮುರುಗನ ಪಟವನ್ನು ತೋರಿಸಿದೆ. ಯಾರು ತರುತ್ತಾರೆ ಎಂದರು. ಅವಳನ್ನು ತೋರಿಸಿದೆ. ಲೋಟ ಯಾರು ಕೊಡುತ್ತಿದ್ದರು ಎಂದರು. ಮತ್ತೆ ಅವಳನ್ನೇ ತೋರಿಸಿದೆ. ಜಗಳವನ್ನೂ ಹೇಳಿದೆ. ಅವಳು ಬಾಯಿ ತೆರೆದಳು, ಏನೋ ಹೇಳಲಿದ್ದಳು, ಶ್ರೀಶನ ಮುಖ ನೋಡಿದಳು. ಅವನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡ. ಅವಳು ಬಾಯಿ ಮುಚ್ಚಿದಳು.

ಸ್ಟೇಷನ್ನಿಗೆ ಕರೆಸಿ ಸಂಜೆಯವರೆಗೆ ಕೂರಿಸಿದ್ದರಂತೆ. ಬ್ಯಾಂಕಿನಲ್ಲೂ ವಿಚಾರಿಸಿದ್ದಾರೆ. ಸ್ಟೇಷನ್ನಿನಿಂದ ಅವಳು ಇಲ್ಲಿಗೆ ಬರಲಿಲ್ಲ, ನೇರ ಕ್ರೋಂಪೇಟೆಗೆ ಅಪ್ಪನ ಮನೆಗೆ ಹೋದಳು. ಹನುಮಂತಯ್ಯನವರು ಫೋನು ಮಾಡಿ, "ಏನಮ್ಮಾ, ನಮ್ ಹುಡುಗೀನ ಕಳ್ಳಿ ಥರ ಕೂರುಸ್ಬಿಟ್ರಲ್ಲ. ನಾಳೆ ಅರೆಸ್ಟ್ ಅಂದ್ರೆ ನಾನು ಯಾರ ಕಾಲಿಗೆ ಬೀಳ್ಲಿ?" ಎಂದು ಅತ್ತರು. ನಾನು ಫೋನು ಇಟ್ಟೆ. ಆಮೇಲಿಂದ ಗೊತ್ತಿಲ್ಲದ ನಂಬರು ಬಂದರೆ ತೆಗೆಯುವುದೇ ಇಲ್ಲ. ಇವರು ಮಾತ್ರ, "ವಿಮಲಾ, ಆ ಹೆಣ್ಣ್ ಹಂಗ್ ಮಾಡುದಲ್ಲ" ಎಂದು ಒಂದೇ ಮಾತು ಹೇಳಿ ಮೆಸ್ಸಿಗೆ ಹೋದರು. ನಾನು ತಾಯಿ ಅಕ್ಕ, ನನಗೆ ನನ್ನ ಮಗ ಬೇಕು.

ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿಲ್ಲ. ಡಾಕ್ಟರು ಕಾಯಿರಿ ಎಂದಿದ್ದಾರೆ. ಮದ್ದಿನಲ್ಲಿ ತಪ್ಪಿಲ್ಲ ಎಂದ ಮೇಲೆ ಕಾಯುವುದು ಯಾಕೆ? ನಾಳೆಯಿಂದ ಮತ್ತೆ ಶುರು ಮಾಡುತ್ತೇನೆ. ನಾನೇ ರುಬ್ಬಿ, ನಾನೇ ಸೋಸಿ, ಈ ಸಲ ನನ್ನ ಕೈಯಾರೆ ಕುಡಿಸುತ್ತೇನೆ. ನಡುವೆ ಯಾರ ಕೈಯೂ ಇಲ್ಲ. ಮನೆಯಲ್ಲಿದ್ದ ಕಣಗಿಲೆಯ ಒಂದು ಒಣ ಎಸಳನ್ನೂ ಬಿಡದೆ ಗುಡಿಸಿ ಹಾಕಿದ್ದೇನೆ.

ವಿಮಲಾ


ಚೆನ್ನೈ, ಆಸ್ಪತ್ರೆಯಿಂದ
11 ಫೆಬ್ರವರಿ 2025

ಅಕ್ಕಾ,

ಶ್ರೀಶ ಮತ್ತೆ ಬಿದ್ದ. ಎರಡೇ ದಿನ ಕೊಟ್ಟದ್ದು. ಹೋದ ಸಲ ವಾರ ಕಳೆದ ಮೇಲೆ ಆದದ್ದು ಈ ಸಲ ಎರಡನೇ ಲೋಟಕ್ಕೇ ಆಯಿತು, ಅದಕ್ಕಿಂತ ಜೋರಾಗಿ ಆಯಿತು. ಆಂಬುಲೆನ್ಸಿನಲ್ಲಿ ಒಮ್ಮೆ ಗುಂಡಿಗೆ ನಿಂತೇ ಹೋಗಿತ್ತು. ನಾನು ಪಕ್ಕದಲ್ಲಿದ್ದೆ. ಎದೆ ಒತ್ತಿ ಒತ್ತಿ ತಿರುಗಿ ತಂದರು.

ಅದೇ ವಿಷ ಎಂದರು.

ಪ್ರಣಮ್ಯಾ ಮನೆಯಲ್ಲಿಲ್ಲ. ಹೂ ಮನೆಯಲ್ಲಿಲ್ಲ. ಲೋಟ ನನ್ನ ಕೈಯಿಂದ ಅವನ ಬಾಯಿಗೇ ಹೋಯಿತು. ಡಾಕ್ಟರು ನನ್ನನ್ನೇ ನೋಡುತ್ತಾ, "ಮನೆಯಲ್ಲಿ ಯಾರು ಯಾರು ಇದ್ದಿರಿ?" ಎಂದರು. ನಾನು, ನನ್ನ ಗಂಡ ಎಂದೆ.

ನಿನಗೆ ಒಂದು ವಿಷಯ ಹೇಳಿಲ್ಲ. ನಿನ್ನ ಪೊಟ್ಟಣ ಮಳೆಯಲ್ಲಿ ನೆಂದು ಬಂದಿತ್ತು. ಬಿಚ್ಚಿದಾಗ ಹಸಿರು ಬೂಷ್ಟು. ನೀನು ಅಷ್ಟು ಮಾಡಿ ಕಳಿಸಿದ್ದು ಹಾಳಾಯಿತು ಎಂದು ಬರೆಯಲು ಮನಸ್ಸಾಗಲಿಲ್ಲ. ನಿನ್ನ ಮದ್ದು ಯಾವುದೆಂದು ನನಗೆ ಚಿಕ್ಕಂದಿನಿಂದ ಗೊತ್ತು ಅಕ್ಕ. ನಿನ್ನ ಮದುವೆಯ ಹೊಸತರಲ್ಲಿ ನಾನು ನಿನ್ನ ಮನೆಯಲ್ಲಿ ಉಳಿದಿದ್ದಾಗ, ನಿನ್ನ ಅತ್ತೆ ಬೇಲಿಯಿಂದ ಹಳದಿ ಎಳೆಗಳನ್ನು ಬಿಡಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಬರುವುದನ್ನು ನೋಡಿದ್ದೆ. ಅದೇ ಬಳ್ಳಿ ಇಲ್ಲಿಯೂ ಸಿಕ್ಕಿತು, ಮರುದಿನ ಒಬ್ಬಳೇ ಹೋಗಿ ತಂದೆ. ದೇವರ ಹೂವಿನ ತೋಟದ್ದು, ಅದಕ್ಕಿಂತ ಶುದ್ಧವಾದದ್ದು ಬೇಕೇ ಎಂದುಕೊಂಡೆ. ತೋಟದವರು, ಎಷ್ಟು ಬೇಕಾದರೂ ಒಯ್ಯಿರಿ, ಪೀಡೆ ತೊಲಗಲಿ ಎಂದರು. ಯಾರಿಗೂ ಕಾಣದ ಹಾಗೆ ಡಬ್ಬಿಯಲ್ಲಿ ಮುಚ್ಚಿ, ಹಸಿಯಾಗಿಯೇ ಫ್ರಿಜ್ಜಿನಲ್ಲಿಟ್ಟು ರುಬ್ಬಿ ಕೊಟ್ಟೆ. ಬಳ್ಳಿ ಅದೇ. ಕಣ್ಣು ಮುಚ್ಚಿ ಹೇಳುತ್ತೇನೆ, ಅದೇ. ಎರಡೂ ಒಂದೇ ಎಂದುಕೊಂಡೇ ಡಾಕ್ಟರಿಗೆ ನಿನ್ನ ಪುಡಿಯನ್ನು ಕೊಟ್ಟದ್ದು. ಕಣಗಿಲೆಯ ಒಂದು ಎಲೆಯೂ ಅದರಲ್ಲಿ ಇರಲಿಲ್ಲ, ನಾನೇ ಒಂದೊಂದು ಎಳೆ ಬಿಡಿಸಿ ತೊಳೆದಿದ್ದೇನೆ.

ಮತ್ತೆ ವಿಷ ಎಲ್ಲಿಂದ ಬಂತು? ಹೇಳಕ್ಕ, ಎಲ್ಲಿಂದ ಬಂತು?

ವಿಮಲಾ


ಸಾಲಿಗ್ರಾಮ
12 ಫೆಬ್ರವರಿ 2025, ಸ್ಪೀಡ್ ಪೋಸ್ಟ್

ವಿಮಲಾ, ಇದನ್ನು ನಿಂತಲ್ಲೇ ಓದು. ಮದ್ದು ಕೊಡಬೇಡ. ಒಂದು ಹನಿಯೂ ಕೊಡಬೇಡ.

ನಿನ್ನ ಎಂಟನೇ ತಾರೀಕಿನ ಪತ್ರ ಈಗ ಬಂತು. "ನಾನೇ ರುಬ್ಬಿ, ನಾನೇ ಸೋಸಿ" ಎಂದು ಬರೆದಿದ್ದೀ. ನನ್ನ ಪುಡಿಯನ್ನು ಯಾರೂ ರುಬ್ಬುವುದಿಲ್ಲ. ಅದನ್ನು ಸೋಸಲಿಕ್ಕೂ ಇಲ್ಲ. ಹಾಗಾದರೆ ನೀನು ಹಸಿಯದ್ದು ಎಲ್ಲಿಂದಲೋ ತಂದಿದ್ದೀ. ಜನವರಿಯ ಪತ್ರ ತೆಗೆದು ಮತ್ತೆ ಓದಿದೆ. ಆ ತೋಟ, ಆ ಹಳದಿ ಬಳ್ಳಿ. ಪಕ್ಕದ ಮನೆಗೆ ಓಡಿ ಅವರ ಹುಡುಗಿ ನಮಿತಾಳಿಂದ ನಿನಗೆ ಫೋನು ಮಾಡಿಸಿದೆ. "ತೆಗೀತ್ತಿಲ್ಲೆ ಅಜ್ಜಿ" ಎಂದು ನನ್ನ ಕಿವಿಯ ಹತ್ತಿರ ಕೂಗಿದಳು. ಮತ್ತೆ ಮತ್ತೆ ಮಾಡಿಸಿದೆ. ನೀನು ತೆಗೆಯಲಿಲ್ಲ.

ಆದ್ದರಿಂದ ಬರೆಯುತ್ತೇನೆ. ಹೆಸರು ಆಕಾಶಬಳ್ಳಿ. ಬರೆದಾಯಿತು. ಅತ್ತೆಗೆ ಕೊಟ್ಟ ಮಾತು ಹೋಗಲಿ, ಕೈಗುಣ ಹೋಗಲಿ.

ನಾನು ಹೇಳದೆ ಇಟ್ಟುಕೊಂಡದ್ದು ಬಳ್ಳಿಯ ಹೆಸರೊಂದೇ ಅಲ್ಲ. ಅದನ್ನು ಲಕ್ಕಿಗಿಡದ ಮೇಲಿನಿಂದ ಮಾತ್ರ ತೆಗೆಯಬೇಕು. ಅತ್ತೆ ನನ್ನ ಕೈ ಹಿಡಿದು ಹೇಳಿದ್ದು ಅದನ್ನೇ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ, ಆದರೆ ಇಷ್ಟು ವರ್ಷ ಬೇಲಿಯಲ್ಲಿ ಅದನ್ನು ನೋಡಿ ನೋಡಿ ನನಗೆ ತಿಳಿದಿದೆ. ಅದಕ್ಕೆ ಮಣ್ಣಿನಲ್ಲಿ ಬೇರಿಲ್ಲ. ಎಲೆ ಇಲ್ಲ. ತನ್ನದು ಎನ್ನುವ ಅನ್ನವೇ ಇಲ್ಲ. ಗಿಡಕ್ಕೆ ಸುತ್ತಿಕೊಂಡು, ಸುತ್ತಿದಲ್ಲೆಲ್ಲ ಹಲ್ಲು ಊರಿ, ಆ ಗಿಡದ ರಸವನ್ನೇ ಕುಡಿಯುತ್ತದೆ. ಗಿಡ ಒಣಗುತ್ತದೆ, ಅದು ಪಕ್ಕದ್ದಕ್ಕೆ ದಾಟುತ್ತದೆ. ಲಕ್ಕಿ ಕುಡಿದರೆ ಅದರಲ್ಲಿ ಲಕ್ಕಿ ಇರುತ್ತದೆ. ಕಣಗಿಲೆ ಕುಡಿದರೆ?

ಬಳ್ಳಿ ಬೇರೆ, ಗಿಡ ಬೇರೆ ಎಂದು ನೀನು ತಿಳಿದಿರುತ್ತೀ. ನಾನು ಹೇಳದಿದ್ದರೆ ನಿನಗೆ ಹೇಗೆ ಗೊತ್ತಾಗಬೇಕು?

ಆ ಹುಡುಗಿಯ ಮೇಲೆ ಬೆರಳು ತೋರಿಸಲು ನಿನಗೆ ಬರೆದವಳು ನಾನು. ನನ್ನ ಮದ್ದಿನ ಹೆಸರು ಉಳಿಯಲಿ ಎಂದು ಬರೆದೆ. ಅವಳು ಮಾಡಿದ್ದಾಳೆ ಎಂದು ನನಗೆ ಒಂದು ಕ್ಷಣವೂ ಖಾತ್ರಿ ಇರಲಿಲ್ಲ. ಆದರೂ ಬರೆದೆ.

ಮಗನನ್ನು ಉಳಿಸಿಕೋ. ಆಮೇಲೆ ಅವಳ ಹತ್ತಿರ ಹೋಗು.

ವನಜಾ


ಸಾಲಿಗ್ರಾಮ
16 ಫೆಬ್ರವರಿ 2025

ವಿಮಲಾ,

ನಿನ್ನ ಆಸ್ಪತ್ರೆಯ ಪತ್ರ ನಿನ್ನೆ ಬಂತು. ನನ್ನದು ತಲುಪಿತೇ? ಅವನು ಇದ್ದಾನೆಯೇ? ಒಂದು ಕಾರ್ಡಿನಲ್ಲಿ ಇದ್ದಾನೆ ಎಂದಷ್ಟೇ ಬರೆದು ಹಾಕು. ನಮಿತಾಳ ಫೋನಿಗೆ ನಿನ್ನ ಗಂಡ ಒಮ್ಮೆ ಸಿಕ್ಕಿದರಂತೆ, "ಐಸಿಯು" ಎಂದು ಹೇಳಿ ಇಟ್ಟರಂತೆ.

ಇವತ್ತು ಕೋಟದಿಂದ ಒಬ್ಬಳು ಮಗುವನ್ನು ಎತ್ತಿಕೊಂಡು ಬಂದಿದ್ದಳು, ಕಾಮಾಲೆ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಕಳಿಸಿದೆ. ಸಂಜೆ ತಿರುಗಿ ಬಂದು, ಹೆಚ್ಚಿನವರಿಗೆ ಇದು ತಾನಾಗಿಯೇ ಬಿಡುತ್ತದಂತೆ ಅಮ್ಮ, ಊಟ ವಿಶ್ರಾಂತಿ ಸಾಕಂತೆ ಎಂದಳು. ತಾನಾಗಿಯೇ! ಹಾಗಾದರೆ ನನ್ನ ಜಗಲಿಯಲ್ಲಿ ಗುಣವಾಗಿ ಹೋದವರೆಲ್ಲ ಯಾವುದರಿಂದ ಗುಣವಾದರು? ಈ ವಯಸ್ಸಿನಲ್ಲಿ ಇದನ್ನು ಕೇಳಬೇಕಾಯಿತು. ಉಳಿದ ಪುಡಿಯನ್ನು ಒಲೆಗೆ ಹಾಕಿದೆ.

ವನಜಾ


ವೆಸ್ಟ್ ಮಾಂಬಲಂ
25 ಫೆಬ್ರವರಿ 2025

ಪ್ರೀತಿಯ ವನಜಕ್ಕ,

ಶ್ರೀಶ ಇದ್ದಾನೆ. ನಿನ್ನೆ ಮನೆಗೆ ಬಂದ. ಕಣ್ಣು ಬೆಳ್ಳಗಿದೆ, ಯಾವ ಮದ್ದೂ ಇಲ್ಲದೆ ಬೆಳ್ಳಗಾಗಿದೆ. ಎದ್ದು ನಿಂತರೆ ಕಾಲು ಇನ್ನೂ ನಡುಗುತ್ತದೆ.

ನಿನ್ನ ಸ್ಪೀಡ್ ಪೋಸ್ಟ್ ಹದಿನಾಲ್ಕಕ್ಕೆ ಬಂತು. ಇವರು ಅದನ್ನು ಆಸ್ಪತ್ರೆಗೆ ತಂದುಕೊಟ್ಟರು. ಐಸಿಯು ಹೊರಗಿನ ಕುರ್ಚಿಯಲ್ಲಿ ಓದಿದೆ. ಓದಿ ಮುಗಿಸಿ ನನ್ನ ಎರಡು ಕೈಗಳನ್ನೇ ನೋಡುತ್ತಾ ಕೂತಿದ್ದೆ. ಅವನಿಗೆ ಅನ್ನ ಕಲಸಿ ಹಾಕಿದ ಕೈ. ಅದೇ ಕೈಯಲ್ಲಿ ವಿಷ ರುಬ್ಬಿ, ತೊಳೆದು, ಸೋಸಿ, ಬಿಸಿ ಆರಿಸಿ ಕೊಟ್ಟಿದ್ದೇನೆ. ಇವರು ಕಾಫಿ ತಂದು ಎದುರು ಹಿಡಿದರು. ಆ ಲೋಟವನ್ನು ನಾನು ಮುಟ್ಟಲಿಲ್ಲ.

ಫ್ರಿಜ್ಜಿನಲ್ಲಿ ಉಳಿದಿದ್ದ ಬಳ್ಳಿಯನ್ನು ಡಾಕ್ಟರಿಗೆ ಒಯ್ದು ಕೊಟ್ಟೆ. ಅವರು ಅದನ್ನು ಇಕ್ಕುಳದಲ್ಲಿ ಎತ್ತಿ, ಇದು ಎಲ್ಲಿಯದು, ಯಾವ ಗಿಡದ ಮೇಲಿತ್ತು ಎಂದು ನೀನು ಬರೆದ ವಿಷಯವನ್ನೇ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋದೆ. ಕೊಟ್ಟವಳು ನಾನು, ಸೊಸೆಗೆ ಇದು ಯಾವುದೂ ಗೊತ್ತಿಲ್ಲ, ಹಿಂದೆ ಹೇಳಿದ್ದೆಲ್ಲ ತಪ್ಪು ಎಂದು ಬರೆಸಿ ಸಹಿ ಹಾಕಿದೆ. ಸಬ್‌ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು, "ಅಮ್ಮಾ, ನೀಂಗಳೇವಾ?" ಎಂದ. ಹೌದಪ್ಪ, ನಾನೇ ಎಂದೆ. ನನ್ನ ಮೇಲೆ ಏನು ಮಾಡುತ್ತಾರೋ ಗೊತ್ತಿಲ್ಲ, ಕರೆದಾಗ ಬರಬೇಕು ಎಂದಿದ್ದಾರೆ. ಅವಳ ಹೆಸರು ಬಿಟ್ಟಿದ್ದಾರೆ. ನನಗೆ ಅಷ್ಟು ಸಾಕು.

ತೋಟದವರಿಗೂ ಹೋಗಿ ಹೇಳಿ ಬಂದೆ. ಅವರು ಹೆದರಿ ಹೋಗಿದ್ದಾರೆ. ಬಳ್ಳಿ ಬಿದ್ದ ಸಾಲುಗಳನ್ನೆಲ್ಲ ಗಿಡಸಮೇತ ಕಡಿದು ಸುಡುತ್ತಾರಂತೆ, ಬರಿ ಬಳ್ಳಿ ಕಿತ್ತರೆ ಹೋಗುವುದಿಲ್ಲವಂತೆ.

ಇವತ್ತು ಲೋಕಲ್ ಟ್ರೈನ್ ಹತ್ತಿ ಕ್ರೋಂಪೇಟೆಗೆ ಹೋದೆ. ಇವರು ಬರುತ್ತೇನೆ ಎಂದರು, ಬೇಡ ಎಂದೆ. ಹನುಮಂತಯ್ಯನವರು ಬಾಗಿಲು ತೆರೆದು ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಬನ್ನಿ ಎನ್ನಲಿಲ್ಲ. ಪ್ರಣಮ್ಯಾ ಊಟದ ಮೇಜಿನ ಹತ್ತಿರ ಕೂತಿದ್ದಳು. ಬ್ಯಾಂಕಿಗೆ ರಜೆ ಹಾಕಿದ್ದಾಳಂತೆ, ಅಲ್ಲಿ ಎಲ್ಲರೂ ಅವಳನ್ನೇ ನೋಡುತ್ತಾರಂತೆ. ತುಂಬ ಇಳಿದು ಹೋಗಿದ್ದಾಳೆ. ನಾನು ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡು ಹೋಗಿದ್ದೆ. ಅವಳ ಮುಖ ನೋಡಿ ಅದನ್ನೆಲ್ಲ ಬಿಟ್ಟೆ. ನಿನ್ನ ಪತ್ರವನ್ನು ಓದಿ ಹೇಳಿದೆ. ಬಳ್ಳಿಯದ್ದು, ಕಣಗಿಲೆಯದ್ದು, ನೀನು ಅವಳ ಬಗ್ಗೆ ಬರೆದದ್ದು, ಎಲ್ಲ. ತಪ್ಪಾಯಿತಮ್ಮಾ ಎಂದು ಅವಳ ಕೈ ಹಿಡಿದುಕೊಂಡೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಒಂದು ಮಾತು ಹೇಳಿದಳು.

ದಿನಾ ಬೆಳಿಗ್ಗೆ ನಾನು ಕೊಟ್ಟ ಲೋಟದಲ್ಲಿ ಅರ್ಧವನ್ನು ಅವಳು ವಾಷ್‌ಬೇಸಿನ್ನಿಗೆ ಚೆಲ್ಲುತ್ತಿದ್ದಳಂತೆ! ಅದರ ಕಹಿ ವಾಸನೆ ಅವಳಿಗೆ ಹಿಡಿಸುತ್ತಿರಲಿಲ್ಲ. ಪೂರ್ತಿ ಚೆಲ್ಲಿದರೆ ನನಗೆ ಮಾಡಿದ ಮೋಸ, ಪೂರ್ತಿ ಕುಡಿಸಿದರೆ ಅವನಿಗೆ ಏನಾಗುತ್ತದೋ ಎಂಬ ಹೆದರಿಕೆ. ಹಾಗಾಗಿ ಅರ್ಧ. ಅವನಿಗೂ ಹೇಳಿರಲಿಲ್ಲ.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದೆ. "ಸೊನ್ನಾ ಯಾರು ನಂಬುವಾಂಗ ಅತ್ತೈ?" ಎಂದಳು. ಹೇಳಿದರೆ ಯಾರು ನಂಬುತ್ತಾರೆ, ನಿಜವೇ. ಲೋಟದಲ್ಲಿ ಕೈಯಾಡಿಸಿದೆ ಎಂದು ಅವಳೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಚೆಲ್ಲಿದೆ ಎಂದರೆ ಬೆರೆಸಿದೆ ಎನ್ನುತ್ತಿದ್ದೆವು. ನಾನೇ ಎನ್ನುತ್ತಿದ್ದೆ.

ಅವಳು ಚೆಲ್ಲಿದ ಅರ್ಧದಿಂದ ನನ್ನ ಮಗ ಮೊದಲ ಸಲ ಬದುಕಿದ. ಎರಡನೇ ಸಲ ಚೆಲ್ಲುವವರು ಯಾರೂ ಇರಲಿಲ್ಲ. ಅವಳನ್ನು ಓಡಿಸಿ ಪೂರ್ತಿ ಲೋಟ ಕುಡಿಸಿದವಳು ನಾನು.

ಮನೆಗೆ ಬಾ ಎಂದು ಕಾಲು ಹಿಡಿಯಲು ಬಗ್ಗಿದೆ. ತಡೆದಳು. ಅವಳ ಮಾತನ್ನು ಅವಳದೇ ತಮಿಳಿನಲ್ಲಿ ಬರೆಯುತ್ತೇನೆ, ಇಷ್ಟು ನಿನಗೆ ಅರ್ಥವಾಗುತ್ತದೆ. "ಉಂಗ ಮೇಲೆ ಕೋವಂ ಇಲ್ಲೈ ಅತ್ತೈ. ಉಂಗಳುಕ್ಕು ಅಂದ ಕೊಡಿಯೈ ಪತ್ತಿ ತೆರಿಯಲೈ. ಆನಾ ಅವರುಕ್ಕು ಎನ್ನೈ ತೆರಿಯುಮೇ?" ನಿಮ್ಮ ಮೇಲೆ ಸಿಟ್ಟಿಲ್ಲ, ನಿಮಗೆ ಬಳ್ಳಿ ಎಂಥದೆಂದು ಗೊತ್ತಿರಲಿಲ್ಲ, ಅವರಿಗೆ ನಾನು ಎಂಥವಳೆಂದು ಗೊತ್ತಿತ್ತಲ್ಲ, ಎಂದು ಗಂಡನ ಬಗ್ಗೆ ಕೇಳಿದಳು. ಅಷ್ಟು ಹೇಳಿ ಒಳಗೆ ಹೋದಳು. ಹನುಮಂತಯ್ಯನವರು ನನ್ನನ್ನು ಸ್ಟೇಷನ್ ತನಕ ಬಿಟ್ಟು ಬಂದರು.

ಮನೆಗೆ ಬರುವಾಗ ಶ್ರೀಶ ಎದ್ದು ಕೂತು ಬಾಗಿಲ ಕಡೆಗೇ ನೋಡುತ್ತಿದ್ದ. ಒಬ್ಬಳೇ ಬಂದೆಯಾ ಎಂದ. ಚೆಲ್ಲಿದ ವಿಷಯ ಹೇಳಿದೆ. ಆಮೇಲೆ ಅವಳು ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನು ಚಪ್ಪಲಿ ಹುಡುಕಿದ, ನಿಂತ, ಎರಡು ಹೆಜ್ಜೆಗೇ ಕಾಲು ಸೋತು ಮಂಚದ ಅಂಚಿನಲ್ಲಿ ಕೂತ. ಮುಖ ಮುಚ್ಚಿಕೊಂಡು ಜೋರಾಗಿ ಅತ್ತ. ಸಮಾಧಾನ ಮಾಡೋಣ ಎಂದು ಹತ್ತಿರ ಹೋದವಳು ನಿಂತೆ. ನಾನು ಒರೆಸಬಹುದಾದ ಕಣ್ಣೀರಲ್ಲ ಅದು. ಅಳಲಿ ಎಂದು ಬಿಟ್ಟು, ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಬಂದೆ.

ನಿನ್ನ ವಿಮಲಾ